ಗೋಡೆ ಮೇಲಿನ ಬರಹ, ಹಣೆ ಮೇಲಿನ ಬರಹ: ಎರಡೂ ಒಂದೇನಾ?

ಪ್ರಶ್ನೆ: ನಾನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯದಲ್ಲಿ 'ದ ರೈಟಿಂಗ್ ಈಸ್ ಆನ್ ದ ವಾಲ್' ಅನ್ನೋ ಮಾತು ಪದೇ ಪದೇ ಸಿಗುತ್ತದೆ. ಮೊದಲೇ ಬರೆದಿಟ್ಟದ್ದು ಅಂದಮೇಲೆ ಹಣೆಬರಹ ಇರಬೇಕು ಅಂದುಕೊಂಡಿದ್ದೆ. ನನ್ನ ಗೆಳತಿ ಒಪ್ಪಲಿಲ್ಲ. ಕನ್ನಡ ಪತ್ರಿಕೆಯೊಂದರಲ್ಲಿ ಇದನ್ನೇ 'ಗೋಡೆ ಬರಹ' ಎಂದು ಬರೆದಿದ್ದರು. ಅದೂ ಅರ್ಥವಾಗಲಿಲ್ಲ. ಈ ಮಾತಿನ ಸರಿಯಾದ ಅರ್ಥ ಏನು? ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು?

ಉತ್ತರ: ನಿಮ್ಮ ಗೆಳತಿ ಹೇಳಿದ್ದೇ ಸರಿ. ಆದರೆ ನಿಮಗೆ ಹಾಗೆ ಅನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಎರಡರಲ್ಲೂ ಬರಹ ಇದೆ, ಎರಡರಲ್ಲೂ ಮುಂದೆ ಆಗುವುದರ ಮಾತಿದೆ. ಪರೀಕ್ಷೆಗೆ ಬೇಕಾದಷ್ಟು ಅರ್ಥ ಮೊದಲು ಹೇಳಿಬಿಡುತ್ತೇನೆ: ಕೇಡು ಬರುತ್ತಿದೆ, ಅದರ ಗುರುತು ಕಣ್ಣೆದುರಿಗೇ ಇದೆ, ನೋಡುವವರಿಗೆ ಕಾಣುತ್ತದೆ. ಆಯ್ಕೆಗಳಲ್ಲಿ 'ಸೋಲಿನ ಅಥವಾ ಅಂತ್ಯದ ಸ್ಪಷ್ಟ ಮುನ್ಸೂಚನೆ' ಅನ್ನೋ ಅರ್ಥದ್ದು ಇದ್ದರೆ ಅದಕ್ಕೇ ಗುರುತು ಹಾಕಿ. 'ವಿಧಿ', 'ಅದೃಷ್ಟ' ಅಂತ ಇದ್ದರೆ ಬಿಟ್ಟುಬಿಡಿ.

ಇಷ್ಟನ್ನು ಬಾಯಿಪಾಠ ಮಾಡಿದರೆ ಒಂದು ಅಂಕ ಬರುತ್ತದೆ. ಆದರೆ ಮಾತನ್ನು ನೀವೇ ಬಳಸಬೇಕು ಅಂದರೆ ಅದು ಹುಟ್ಟಿದ ಕಥೆ ಗೊತ್ತಿರಬೇಕು. ಕಥೆ ಚೆನ್ನಾಗಿದೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಇದು ಬೈಬಲಿನ ಹಳೆಯ ಒಡಂಬಡಿಕೆಯದು. ದಾನಿಯೇಲನ ಗ್ರಂಥದ 5ನೇ ಅಧ್ಯಾಯ. ಈಗಿನ ಇರಾಕಿನಲ್ಲಿದ್ದ ಬಾಬಿಲೋನ್ ನಗರದಲ್ಲಿ ಬೇಲ್ಶಚ್ಚರ ಅನ್ನೋ ರಾಜ ತನ್ನ ಸಾವಿರ ಮಂದಿ ಸರದಾರರಿಗೆ ದೊಡ್ಡ ಔತಣ ಇಟ್ಟುಕೊಂಡಿದ್ದ. ಕುಡಿತ ಏರಿದ ಮೇಲೆ ಅವನಿಗೊಂದು ಬುದ್ಧಿ ಬಂತು. ಹಿಂದೆ ಬಾಬಿಲೋನನ್ನು ಆಳಿದ್ದ ನೆಬೂಕದ್ನೆಚ್ಚರ ಜೆರೂಸಲೇಮಿನ ದೇವಾಲಯ ಲೂಟಿ ಮಾಡಿ ತಂದಿದ್ದ ಚಿನ್ನ ಬೆಳ್ಳಿಯ ಪಾತ್ರೆಗಳನ್ನು ತರಿಸಿದ. ದೇವರ ಪೂಜೆಯ ಆ ಪಾತ್ರೆಗಳಲ್ಲೇ ಎಲ್ಲರೂ ದ್ರಾಕ್ಷಾರಸ ಕುಡಿದರು. ಆಗ ಒಂದು ಕೈಯ ಬೆರಳುಗಳು ಕಾಣಿಸಿಕೊಂಡವು. ಬರೀ ಬೆರಳುಗಳು, ಮನುಷ್ಯ ಇಲ್ಲ. ದೀಪಸ್ತಂಭದ ಎದುರಿಗಿದ್ದ ಅರಮನೆಯ ಗೋಡೆಯ ಗಾರೆ ಮೇಲೆ ಆ ಬೆರಳುಗಳು ಏನೋ ಬರೆದವು.

ದೀಪದ ಎದುರಿಗೆ ಅನ್ನೋದನ್ನು ಗಮನಿಸಿ. ಸ್ಪಷ್ಟವಿಲ್ಲದ ಮಾತಿಗೆ ನಾವು 'ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ' ಅನ್ನುತ್ತೇವಲ್ಲ, ಇಲ್ಲಿ ಅದರ ತದ್ವಿರುದ್ಧ. ದೀಪದ ಬೆಳಕು ನೇರವಾಗಿ ಬರಹದ ಮೇಲೇ ಬಿದ್ದಿದೆ. ಅಲ್ಲಿದ್ದವರಿಗೆಲ್ಲ ಅಕ್ಷರ ಕಾಣುತ್ತಿದೆ. ರಾಜನ ಮುಖ ಬಿಳಿಚಿಕೊಂಡಿತು, ಮೊಣಕಾಲುಗಳು ಒಂದಕ್ಕೊಂದು ಬಡಿದುಕೊಂಡವು ಎಂದು ಕಥೆ ಹೇಳುತ್ತದೆ. ಓದಿ ಅರ್ಥ ಹೇಳಿದವರಿಗೆ ನೇರಳೆ ಬಣ್ಣದ ರಾಜವಸ್ತ್ರ, ಕೊರಳಿಗೆ ಚಿನ್ನದ ಸರ, ರಾಜ್ಯದಲ್ಲಿ ಮೂರನೆಯ ಸ್ಥಾನ ಕೊಡುತ್ತೇನೆ ಎಂದು ಸಾರಿದ. ಆಸ್ಥಾನದ ಪಂಡಿತರು, ಜ್ಯೋತಿಷಿಗಳು ಯಾರಿಂದಲೂ ಆಗಲಿಲ್ಲ. ಕೊನೆಗೆ ರಾಣಿ ಬಂದು ದಾನಿಯೇಲನ ಹೆಸರು ಹೇಳಿದಳು. ದಾನಿಯೇಲ ಯೆಹೂದ್ಯ. ಸೆರೆಯಾಗಿ ಬಾಬಿಲೋನಿಗೆ ಬಂದವನು. ನಿನ್ನ ಬಹುಮಾನ ನೀನೇ ಇಟ್ಟುಕೋ, ಬರಹವನ್ನು ಓದಿ ಹೇಳುತ್ತೇನೆ ಅಂದ.

ಗೋಡೆ ಮೇಲಿದ್ದದ್ದು ಇಷ್ಟು: ಮೆನೇ, ಮೆನೇ, ತೆಕೇಲ್, ಉಫರ್ಸಿನ್.

ಇದು ಅರಾಮಿಕ್ ಭಾಷೆ. ಈ ಪದಗಳನ್ನು ತೂಕದ ಅಳತೆಗಳ ಹೆಸರಾಗಿಯೂ ಓದಬಹುದು: ಮಿನಾ, ಮಿನಾ, ಶೆಕೆಲ್, ಅರ್ಧ ಮಿನಾಗಳು. ಒಂದು ರಾತ್ರಿ ನಮ್ಮೂರಿನ ಗೋಡೆ ಮೇಲೆ 'ಸೇರು, ಸೇರು, ಪಾವು, ಚಟಾಕು' ಅಂತ ಬರಹ ಮೂಡಿದರೆ ಹೇಗಿರುತ್ತದೆ? ಓದುವುದಕ್ಕೇನೋ ಬರುತ್ತದೆ, ಆದರೆ ಹೇಳುತ್ತಿರುವುದೇನು ಅಂತ ತಲೆ ಕೆರೆದುಕೊಳ್ಳಬೇಕು. ದಾನಿಯೇಲ ಆ ಪದಗಳ ಒಳಗಿದ್ದ ಕ್ರಿಯೆಗಳನ್ನು ಹಿಡಿದ. ಮೆನೇ ಅಂದರೆ ಎಣಿಸಿದ್ದಾಗಿದೆ: ದೇವರು ನಿನ್ನ ಆಳ್ವಿಕೆಯ ದಿನಗಳನ್ನು ಲೆಕ್ಕ ಹಾಕಿ ಮುಗಿಸಿದ್ದಾನೆ. ತೆಕೇಲ್ ಅಂದರೆ ತೂಗಿದ್ದಾಗಿದೆ: ತಕ್ಕಡಿಯಲ್ಲಿ ನಿನ್ನ ತೂಕ ಕಡಿಮೆ ಬಂದಿದೆ. ಉಫರ್ಸಿನ್ ಅಂದರೆ ಒಡೆದು ಹಂಚಿದ್ದು: ನಿನ್ನ ರಾಜ್ಯ ಮೇದ್ಯರಿಗೂ ಪಾರಸಿಯರಿಗೂ (ಇರಾನಿನ ಕಡೆಯ ಎರಡು ಜನಾಂಗಗಳು) ಹೋಗುತ್ತದೆ. ಆ ರಾತ್ರಿಯೇ ಬೇಲ್ಶಚ್ಚರ ಕೊಲೆಯಾದ.

ಇತಿಹಾಸದಲ್ಲೂ ಬೇಲ್ಶಚ್ಚರ ಇದ್ದಾನೆ. ಆದರೆ ಕಥೆಯಲ್ಲಿರುವ ಹಾಗೆ ನೆಬೂಕದ್ನೆಚ್ಚರನ ಮಗನಲ್ಲ, ನಬೊನಿಡಸ್ ಅನ್ನೋ ಅರಸನ ಮಗ. ತಂದೆ ವರ್ಷಗಟ್ಟಲೆ ಅರೇಬಿಯಾದ ತೈಮಾದಲ್ಲಿ ಕೂತಿದ್ದಾಗ ಬಾಬಿಲೋನನ್ನು ನೋಡಿಕೊಂಡವನು ಇವನೇ. ಬಹಳ ಕಾಲ ಇವನ ಹೆಸರು ಬೈಬಲ್ ಮತ್ತು ಅದನ್ನು ಅನುಸರಿಸಿದ ಬರಹಗಳಲ್ಲಿ ಬಿಟ್ಟರೆ ಬೇರೆಲ್ಲೂ ಸಿಕ್ಕಿರಲಿಲ್ಲ. 1854ರಲ್ಲಿ ಇರಾಕಿನ ಊರ್ ಎಂಬಲ್ಲಿ ಸಿಕ್ಕ ಮಣ್ಣಿನ ಸಿಲಿಂಡರುಗಳಲ್ಲಿ ನಬೊನಿಡಸ್ ತನ್ನ ಹಿರಿಮಗನಿಗಾಗಿ ಮಾಡಿದ ಪ್ರಾರ್ಥನೆ ಇತ್ತು. ಆ ಮಗನ ಹೆಸರು ಇದೇ. ಇನ್ನು ಬಾಬಿಲೋನ್ ಪಾರಸಿಯರ ದೊರೆ ಸೈರಸ್ಸನ ಸೇನೆಗೆ ಸಿಕ್ಕಿದ್ದು ಕ್ರಿ.ಪೂ. 539ರ ಅಕ್ಟೋಬರಿನಲ್ಲಿ. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಬಾಬಿಲೋನಿಯನ್ ಮಣ್ಣಿನ ಹಲಗೆ, ಸೇನೆ ಯುದ್ಧವಿಲ್ಲದೆ ಊರೊಳಗೆ ಬಂತು ಎಂದು ಹೇಳುತ್ತದೆ. ನಗರ ಬಿದ್ದಾಗ ಒಳಗೆ ಹಬ್ಬ ನಡೆಯುತ್ತಿತ್ತು ಎಂದು ಗ್ರೀಕರ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ.

ಎಲ್ಲರಿಗೂ ಕಂಡ ಬರಹವನ್ನು ಪಂಡಿತರಿಗೆ ಯಾಕೆ ಓದಲಾಗಲಿಲ್ಲ? ಈ ಪ್ರಶ್ನೆ ಶತಮಾನಗಳ ಕಾಲ ಜನರನ್ನು ಕಾಡಿದೆ. 1630ರ ದಶಕದಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್ ಈ ಔತಣದ ಚಿತ್ರ ಬರೆದ. ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಲ್ಲಿರುವ ಕನ್ನಡಿಗರು ಒಮ್ಮೆ ಹೋಗಿ ನೋಡಲೇಬೇಕು. ರುಮಾಲಿನ ಮೇಲೆ ಪುಟ್ಟ ಕಿರೀಟ ಇಟ್ಟುಕೊಂಡ ರಾಜ ಬೆಚ್ಚಿ ಹಿಂದಕ್ಕೆ ತಿರುಗಿದ್ದಾನೆ. ಪಕ್ಕದಲ್ಲಿ ಕೆಂಪು ಉಡುಗೆಯ ಹೆಂಗಸಿನ ಕೈಯಲ್ಲಿದ್ದ ಪಾತ್ರೆಯಿಂದ ದ್ರಾಕ್ಷಾರಸ ಚೆಲ್ಲುತ್ತಿದೆ. ಗೋಡೆ ಮೇಲೆ ಹೀಬ್ರೂ ಅಕ್ಷರಗಳು ಹೊಳೆಯುತ್ತಿವೆ. ಹೀಬ್ರೂವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ರೆಂಬ್ರಾಂಟ್ ಮಾತ್ರ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಕಂಬಸಾಲಾಗಿ ಬರೆದ. ವಾಡಿಕೆಯಂತೆ ಅಡ್ಡಕ್ಕೆ ಓದಿದರೆ ಏನೂ ಅರ್ಥವಾಗುವುದಿಲ್ಲ, ಕೆಳಮುಖವಾಗಿ ಓದಿದರೆ ಎಲ್ಲವೂ ಅರ್ಥವಾಗುತ್ತದೆ. ಆಮ್‌ಸ್ಟರ್‌ಡ್ಯಾಮಿನ ಯೆಹೂದಿ ಗುರು ಮೆನಾಸೆ ಬೆನ್ ಇಸ್ರೇಲ್ ಅವರಿಂದ ಈ ವಿಚಾರ ಬಂದದ್ದು ಎನ್ನುತ್ತಾರೆ. ನನಗೆ ಬಹಳ ಇಷ್ಟವಾದ ವಿವರಣೆ ಇದು. ಅಕ್ಷರ ಇದೆ, ಬೆಳಕು ಇದೆ, ಕಣ್ಣೂ ಇದೆ. ಓದುವ ದಿಕ್ಕು ಬದಲಿಸಲು ಮಾತ್ರ ಯಾರಿಗೂ ತೋಚಲಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಇದು ಹಣೆಬರಹ ಯಾಕಲ್ಲ?

ನಮ್ಮ ಕಡೆ ಹಣೆಬರಹವನ್ನು ಬ್ರಹ್ಮ ಬರೆಯುತ್ತಾನೆ. ಮಗು ಹುಟ್ಟಿದ ಐದನೇ ರಾತ್ರಿ ಸೆಟವಿ ತಾಯಿ ಬಂದು ಹಣೆ ಮೇಲೆ ಬರೆದು ಹೋಗುತ್ತಾಳೆ ಅನ್ನೋ ನಂಬಿಕೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿದೆ. ಯಾರೇ ಬರೆಯಲಿ, ಆ ಬರಹ ಯಾರ ಕಣ್ಣಿಗೂ ಕಾಣುವುದಿಲ್ಲ. ನಮ್ಮ ಹಣೆ ನಮಗೇ ಕಾಣದು. ಅದಕ್ಕೇ ಅದರಲ್ಲಿ ಯಾರ ತಪ್ಪೂ ಇಲ್ಲ. 'ಹಣೆಬರಹಕ್ಕೆ ಹೊಣೆ ಯಾರು' ಅನ್ನುತ್ತೇವೆ. ಕಷ್ಟ ಬಂದ ಮೇಲೆ ಸಮಾಧಾನ ಮಾಡಿಕೊಳ್ಳಲು, ಬೇರೆಯವರಿಗೆ ಸಮಾಧಾನ ಹೇಳಲು ಬಳಸುವ ಮಾತು ಅದು. ನೀನೇನು ಮಾಡೋಕಾಗ್ತಿತ್ತು ಬಿಡು ಅನ್ನುವ ಭಾವ ಅದರಲ್ಲಿದೆ.

ಗೋಡೆ ಬರಹದ ಭಾವ ಬೇರೆ. ದಾನಿಯೇಲ ಬರಹ ಓದುವ ಮೊದಲು ರಾಜನಿಗೆ ಒಂದು ಮಾತು ಹೇಳುತ್ತಾನೆ. ಕಥೆ ಹೇಳುವವರು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನೆಬೂಕದ್ನೆಚ್ಚರ ಸೊಕ್ಕಿ ಮೆರೆದ, ಅದಕ್ಕೆ ಸಿಂಹಾಸನ ಕಳೆದುಕೊಂಡ, ಎತ್ತಿನಂತೆ ಹುಲ್ಲು ತಿಂದುಕೊಂಡು ಬದುಕಬೇಕಾಯಿತು. ಇದೆಲ್ಲ ನಿನಗೆ ಗೊತ್ತಿತ್ತು. ಗೊತ್ತಿದ್ದೂ ನೀನು ತಗ್ಗಲಿಲ್ಲ. ಇದು ದಾನಿಯೇಲ ಹೊರಿಸುವ ಆರೋಪ. ಅಂದರೆ ಗೋಡೆ ಮೇಲೆ ಬರಹ ಮೂಡುವ ಎಷ್ಟೋ ಮೊದಲೇ ರಾಜನಿಗೆ ಸೂಚನೆ ಸಿಕ್ಕಿತ್ತು. ಗೋಡೆ ಮೇಲಿನದು ಕೊನೆಯ ನೋಟೀಸು, ಅಷ್ಟೇ.

ಇಂಗ್ಲಿಷಿನಲ್ಲಿ ಈ ನುಡಿಗಟ್ಟು ಹೊತ್ತು ತರುವುದು ಈ 'ನಿನಗೆ ಗೊತ್ತಿತ್ತು' ಅನ್ನೋ ಭಾವವನ್ನೇ. ಯಾವುದೋ ಕಂಪನಿಗೆ 'ದ ರೈಟಿಂಗ್ ವಾಸ್ ಆನ್ ದ ವಾಲ್' ಎಂದು ಬರೆದರೆ, ಪಾಪ ಅದರ ಗ್ರಹಚಾರ ಅಂತ ಅರ್ಥವಲ್ಲ. ಕಾಣುತ್ತಿತ್ತಲ್ಲ, ಯಾಕೆ ನೋಡಲಿಲ್ಲ ಅಂತ ಅರ್ಥ. ಇದನ್ನು ಹಣೆಬರಹ ಎಂದು ಅನುವಾದಿಸಿದರೆ ಹೊಣೆ ಹೊರಬೇಕಾದವರು ಸಲೀಸಾಗಿ ತಪ್ಪಿಸಿಕೊಳ್ಳುತ್ತಾರೆ. ಪತ್ರಿಕೆ ಓದುವಾಗ ಇದು ಸಣ್ಣ ವ್ಯತ್ಯಾಸ ಅಲ್ಲವೇ ಅಲ್ಲ.

ಮೂಲ ಕಥೆಗೂ ಇಂದಿನ ಬಳಕೆಗೂ ಒಂದು ಅಂತರವಿದೆ. ಬೇಲ್ಶಚ್ಚರನಿಗೆ ಸಮಯ ಉಳಿದಿರಲಿಲ್ಲ, ಬರಹ ಕಂಡ ರಾತ್ರಿಯೇ ಸತ್ತ. ಇಂದಿನ ಇಂಗ್ಲಿಷಿನಲ್ಲಿ ಬರಹ ಕಂಡವರು ಎದ್ದು ಬಾಗಿಲ ಕಡೆ ಹೋಗಬಹುದು. 'ಶಿ ಸಾ ದ ರೈಟಿಂಗ್ ಆನ್ ದ ವಾಲ್ ಆಂಡ್ ಲೆಫ್ಟ್' ಎಂದರೆ, ಕಂಪನಿ ಮುಳುಗುವ ಸೂಚನೆ ಅವಳಿಗೆ ಸಿಕ್ಕಿತು, ಮೊದಲೇ ಕೆಲಸ ಬಿಟ್ಟಳು ಅಂತ. ಇಲ್ಲಿ ಅದು ಹೊಗಳಿಕೆ.

ಬಳಕೆಗೆ ಎರಡು ನಿಜವಾದ ಉದಾಹರಣೆ ಕೊಡುತ್ತೇನೆ. ಮೊದಲನೆಯದು ಬೆಂಗಳೂರಿನದೇ. 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಶುರು ಮಾಡಿತು. ಮದುವೆಗೆ, ಪರೀಕ್ಷೆ ಪಾಸಾದರೆ, ರಿಟೈರ್ ಆದರೆ ಎಚ್‌ಎಂಟಿ ವಾಚು ಕೊಡುತ್ತಿದ್ದ ಕಾಲ ಅದು. ಅವು ಹೆಚ್ಚಾಗಿ ದಿನಾ ಕೀಲಿ ಕೊಡಬೇಕಾದ ವಾಚುಗಳು. ಅತ್ತ 1969ರಲ್ಲೇ ಜಪಾನಿನ ಸೀಕೋ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರ ಮಾರುಕಟ್ಟೆಗೆ ತಂದಿತ್ತು. 1984ರಲ್ಲಿ ಟೈಟಾನ್ ಕಂಪನಿ ಹುಟ್ಟಿತು. ಬೆಂಗಳೂರಿಗೆ ಕೂಗಳತೆಯ ಹೊಸೂರಿನಲ್ಲಿ ಅದರ ಕಾರ್ಖಾನೆ, ಕ್ವಾರ್ಟ್ಜ್ ವಾಚುಗಳೇ ಅದರ ಬಲ. ಕೊನೆಗೆ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಈ ಕಥೆಯನ್ನು ಇಂಗ್ಲಿಷಿನಲ್ಲಿ ಬರೆಯುವವರು 'ದ ರೈಟಿಂಗ್ ಹ್ಯಾಡ್ ಬೀನ್ ಆನ್ ದ ವಾಲ್ ಫಾರ್ ಇಯರ್ಸ್' ಎಂದು ಬರೆಯಬಹುದು. ವರ್ಷಗಳಿಂದ ಕಾಣುತ್ತಿತ್ತು ಅಂತ. ಆ ವಾಚುಗಳ ಮೇಲೆ ನನಗೂ ಪ್ರೀತಿ ಇದೆ, ಆದರೂ ಈ ಮಾತು ಇಲ್ಲಿ ಸರಿಯಾಗಿ ಕೂರುತ್ತದೆ.

ಎರಡನೆಯದು ಟೆಲಿಗ್ರಾಂ. ಮನೆ ಮನೆಗೆ ಫೋನ್ ಬಂತು, ಆಮೇಲೆ ಮೊಬೈಲ್, ಎಸ್‌ಎಂಎಸ್ ಬಂದವು. 2013ರ ಜುಲೈಯಲ್ಲಿ ಬಿಎಸ್‌ಎನ್‌ಎಲ್ ತಂತಿ ಸೇವೆ ನಿಲ್ಲಿಸಿತು. 'ಒನ್ಸ್ ಮೊಬೈಲ್ ಫೋನ್ಸ್ ಕೇಮ್, ದ ರೈಟಿಂಗ್ ವಾಸ್ ಆನ್ ದ ವಾಲ್ ಫಾರ್ ದ ಟೆಲಿಗ್ರಾಂ.' ಇಲ್ಲಿ 'ಫಾರ್' ಅನ್ನೋ ಪದ ನೋಡಿ. ಕೇಡು ಯಾರಿಗೆ ಅನ್ನೋದನ್ನು ಹೇಳುವುದು ಅದೇ. 'ಟು' ಹಾಕಿದರೆ ತಪ್ಪು.

ತಪ್ಪುಗಳ ಮಾತು ಬಂದಿದ್ದರಿಂದ ಇನ್ನೂ ಕೆಲವನ್ನು ಹೇಳುತ್ತೇನೆ. ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು, ಇದನ್ನು ಒಳ್ಳೆಯ ಸುದ್ದಿಗೆ ಬಳಸುವುದು. 'ಅವಳು ಅಷ್ಟು ಚೆನ್ನಾಗಿ ಓದಿದ್ದಳು, ರ‍್ಯಾಂಕ್ ಬರುತ್ತೆ ಅಂತ ದ ರೈಟಿಂಗ್ ವಾಸ್ ಆನ್ ದ ವಾಲ್' ಅಂದರೆ ಇಂಗ್ಲಿಷ್ ಬಲ್ಲವರಿಗೆ ಅಪಶಕುನದಂತೆ ಕೇಳುತ್ತದೆ. ಗೆಲ್ಲುತ್ತಿರುವ ತಂಡಕ್ಕೆ ಇದು ಬರುವುದಿಲ್ಲ, ಸೋಲುತ್ತಿರುವ ತಂಡಕ್ಕೆ ಬರುತ್ತದೆ. ಎರಡನೆಯದು, ಸುಮ್ನೆ ದಿಢೀರ್ ಅಂತ ಆದ ಅವಘಡಕ್ಕೆ ಬಳಸುವುದು. ಸಿಡಿಲು ಬಡಿದು ಮರ ಬಿದ್ದರೆ ಅಲ್ಲಿ ಗೋಡೆ ಬರಹ ಇಲ್ಲ, ಯಾಕೆಂದರೆ ಮೊದಲು ಸೂಚನೆಯೇ ಇರಲಿಲ್ಲ. ಬುಡ ಟೊಳ್ಳಾಗಿ ವರ್ಷಗಟ್ಟಲೆ ವಾಲಿದ್ದ ಮರ ಬಿದ್ದರೆ ಇದೆ. ಇನ್ನು ರೂಪದ ವಿಷಯ. 'ರೈಟಿಂಗ್ಸ್' ಎಂದು ಬಹುವಚನ ಮಾಡಬಾರದು. 'ಇಟ್ ಈಸ್ ರಿಟನ್ ಆನ್ ದ ವಾಲ್' ಅಂದರೆ ಗೋಡೆ ಮೇಲೆ ಏನೋ ಬರೆದಿದೆ ಅಂತ ಅಷ್ಟೇ ಆಗುತ್ತದೆ, ನುಡಿಗಟ್ಟು ಆಗುವುದಿಲ್ಲ. ಅಮೆರಿಕದವರು 'ಹ್ಯಾಂಡ್‌ರೈಟಿಂಗ್ ಆನ್ ದ ವಾಲ್' ಎಂದೂ ಹೇಳುತ್ತಾರೆ. ಅದು ತಪ್ಪಲ್ಲ, ಅರ್ಥ ಒಂದೇ.

ವಿಧಿಯ ಸುತ್ತ ಇರುವ ಬೇರೆ ಮಾತುಗಳ ಜೊತೆ ಇದನ್ನು ಕಲಸಿಕೊಳ್ಳುವುದೂ ಇದೆ. 'ರಿಟನ್ ಇನ್ ದ ಸ್ಟಾರ್ಸ್' ನಿಜವಾಗಿಯೂ ನಮ್ಮ ಹಣೆಬರಹದ ನೆಂಟ, ಋಣಾನುಬಂಧದ ಮದುವೆಗೂ ಸರಿ, ಒಳ್ಳೆಯದಕ್ಕೂ ಸರಿ. 'ಸೀಲ್ಡ್ ಹಿಸ್ ಫೇಟ್' ಅಂದರೆ ಒಂದು ನಿರ್ದಿಷ್ಟ ಘಟನೆ ಅವನ ಕಥೆ ಮುಗಿಸಿತು ಅಂತ. ಅಲ್ಲಿ ಕಾರಣದ ಮಾತು, ಇಲ್ಲಿ ಸೂಚನೆಯ ಮಾತು. 'ದ ಡೈ ಈಸ್ ಕಾಸ್ಟ್' ಅಂದರೆ ದಾಳ ಉರುಳಿಸಿದ್ದಾಯಿತು, ಇನ್ನು ಹಿಂದಕ್ಕೆ ಹೋಗುವ ಹಾಗಿಲ್ಲ ಅಂತ. ಕ್ರಿ.ಪೂ. 49ರಲ್ಲಿ ಜೂಲಿಯಸ್ ಸೀಸರ್ ಸೇನೆಯೊಂದಿಗೆ ರುಬಿಕಾನ್ ನದಿ ದಾಟುವಾಗ ಹೇಳಿದನೆಂದು ಪ್ರಸಿದ್ಧವಾದ ಮಾತು. ಅದನ್ನು ಹೇಳುವವನು ತಾನೇ ನಿರ್ಧಾರ ಮಾಡಿರುತ್ತಾನೆ. ಗೋಡೆ ಬರಹ ಕಾಣುವವನು ಎಷ್ಟೋ ಸಲ ಏನೂ ಮಾಡಿರುವುದಿಲ್ಲ, ಅದೇ ತೊಂದರೆ.

ಹಾಗಾದರೆ ಹಣೆಬರಹಕ್ಕೆ ಇಂಗ್ಲಿಷಿನಲ್ಲಿ ಏನು? ಸಂದರ್ಭ ನೋಡಬೇಕು. ಬಸ್ಸು ಕಣ್ಣೆದುರೇ ಹೊರಟುಹೋದಾಗ 'ಎಲ್ಲಾ ನನ್ನ ಹಣೆಬರಹ' ಅಂತೀವಲ್ಲ, ಅದಕ್ಕೆ 'ಜಸ್ಟ್ ಮೈ ಲಕ್' ಸಾಕು. ಬದುಕಿನ ದೊಡ್ಡ ದುಃಖಕ್ಕೆ 'ಫೇಟ್' ಎಂದೇ ಹೇಳಬೇಕು.

ಈಗ ಕನ್ನಡ ಪತ್ರಿಕೆಯ 'ಗೋಡೆ ಬರಹ'. ಅವರು ಇಂಗ್ಲಿಷ್ ನುಡಿಗಟ್ಟನ್ನು ಪದಕ್ಕೆ ಪದ ಇಳಿಸಿದ್ದಾರೆ. ಸಂಪಾದಕೀಯ ಓದಿ ಅಭ್ಯಾಸ ಇರುವವರಿಗೆ ಅರ್ಥವಾಗುತ್ತದೆ. ಆದರೆ ನಮ್ಮೂರುಗಳಲ್ಲಿ ಗೋಡೆ ಬರಹ ಅಂದರೆ ಸುಣ್ಣ ಬಳಿದು ಬರೆದ ಚುನಾವಣಾ ಘೋಷಣೆ, ಶಾಲೆ ಗೋಡೆಯ ಸ್ವಚ್ಛತಾ ಸಂದೇಶ, ಸಿಮೆಂಟಿನ ಜಾಹೀರಾತು. 'ಆಡಳಿತ ಪಕ್ಷ ಗೋಡೆ ಬರಹ ಓದಬೇಕು' ಎಂದು ಬರೆದರೆ, ಕಥೆ ಗೊತ್ತಿಲ್ಲದವರು ಯಾವ ಗೋಡೆ ಅಂತ ಕೇಳುತ್ತಾರೆ. ಅವರ ತಪ್ಪಲ್ಲ. ಇಂಗ್ಲಿಷ್ ಓದುಗರಿಗೆ ಈ ಕಥೆ ಚರ್ಚಿನಿಂದ, ಶಾಲೆಯಿಂದ ತಲೆಮಾರುಗಳಿಂದ ಬಂದಿತ್ತು. 1720ರಲ್ಲೇ ಇಂಗ್ಲಿಷಿನ ಲೇಖಕ ಜೊನಾಥನ್ ಸ್ವಿಫ್ಟ್ ಬ್ಯಾಂಕು ನಡೆಸುವವರ ಮೇಲಿನ ಪದ್ಯದಲ್ಲಿ, ಅವರೇ ಬರೆದುಕೊಟ್ಟ ಬಾಂಡುಗಳು ಗೋಡೆ ಬರಹದಂತೆ ಅವರ ಪತನ ಹೇಳುತ್ತವೆ ಎಂದು ವಿವರಣೆಯಿಲ್ಲದೆ ಬರೆಯಬಹುದಿತ್ತು. ಬ್ಯಾಂಕ್ ಪರೀಕ್ಷೆ ಬರೆಯುವ ನಿಮಗೆ ಇದು ನೆನಪಿನಲ್ಲಿ ಉಳಿಯಬಹುದು.

ಕನ್ನಡದಲ್ಲಿ ಬರೆಯುವಾಗ ನಾನಾದರೆ ಗೋಡೆಯನ್ನು ಬಿಟ್ಟುಬಿಡುತ್ತೇನೆ. ನಮ್ಮಲ್ಲಿ ಮಾತುಗಳಿಗೆ ಬರವಿಲ್ಲ. ಸರ್ಕಾರ ಬೀಳುವ ಹಾಗಿದ್ದರೆ 'ದಿನಗಣನೆ ಶುರುವಾಗಿದೆ' ಎಂದರೆ ಸಾಕು, ದಾನಿಯೇಲ ಹೇಳಿದ ಮೆನೇ ಎಂಬುದರ ಅರ್ಥವೇ ಅದು. ಅನ್ಯಾಯ ಮಾಡಿ ಮೆರೆದವರ ಬಗ್ಗೆಯಾದರೆ 'ಪಾಪದ ಕೊಡ ತುಂಬಿದೆ'. ಸೂಚನೆ ಎದ್ದು ಕಾಣುತ್ತಿದೆ ಅನ್ನೋದಕ್ಕೆ ಒತ್ತು ಬೇಕಿದ್ದರೆ 'ಅಂಗೈ ಹುಣ್ಣಿಗೆ ಕನ್ನಡಿ ಬೇಕಾ' ಎಂದು ಕೇಳಬಹುದು. ಕಂಡರೂ ತಿದ್ದಿಕೊಳ್ಳದೆ ಹಟ ಹಿಡಿದವರಿಗೆ 'ವಿನಾಶಕಾಲೇ ವಿಪರೀತ ಬುದ್ಧಿ' ಇದ್ದೇ ಇದೆ. ಒಂದೊಂದೂ ಇಂಗ್ಲಿಷ್ ಮಾತಿನ ಒಂದೊಂದು ಮಗ್ಗುಲನ್ನು ಹಿಡಿಯುತ್ತದೆ. ಯಾವ ಮಗ್ಗುಲು ಬೇಕು ಅಂತ ನೋಡಿ ಆರಿಸಿಕೊಳ್ಳಿ.

ಕೊನೆಯದಾಗಿ, ಎಲ್ಲಿ ಬಳಸಬಾರದು ಎಂದು ಕೇಳಿದ್ದೀರಿ. ಸಂಸ್ಥೆ, ಸರ್ಕಾರ, ತಂಡ, ತಂತ್ರಜ್ಞಾನ, ಕೆಲಸ ಇವುಗಳ ಬಗ್ಗೆ ಧೈರ್ಯವಾಗಿ ಬಳಸಿ. ಕಾಯಿಲೆ ಬಿದ್ದವರ ಬಗ್ಗೆ, ತೀರಿಕೊಂಡವರ ಬಗ್ಗೆ ಮಾತ್ರ ಬೇಡ. ವ್ಯಾಕರಣದ ಪ್ರಕಾರ ತಪ್ಪಿರುವುದಿಲ್ಲ. ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತವರಿಗೆ 'ದ ರೈಟಿಂಗ್ ವಾಸ್ ಆನ್ ದ ವಾಲ್' ಎಂದರೆ, ನಿಮಗೆ ಮೊದಲೇ ಕಾಣಬೇಕಿತ್ತು ಎಂದು ಬೈದ ಹಾಗೆ ಕೇಳಿಸುತ್ತದೆ. ಅಂಥ ಕಡೆ 'ಐ ಆಮ್ ಸೋ ಸಾರಿ' ಎಂದಷ್ಟೇ ಹೇಳಿ. ಕನ್ನಡದವರಾದರೆ ಹಣೆಬರಹದ ಮಾತು ಆಡಿ ಪಕ್ಕದಲ್ಲಿ ಕೂತುಕೊಳ್ಳಬಹುದು, ಹೆಚ್ಚಿನವರು ಬೇಸರ ಮಾಡಿಕೊಳ್ಳುವುದಿಲ್ಲ.